ಹಲಗೆಯ ಮೇಲೆ ಕೂತ ಬೀಗರು

ಗುಬ್ಬಿಯಲ್ಲಿ ಬಡಗಿ ಅಜ್ಮತುಲ್ಲಾನಷ್ಟು ಉಪಚಾರ ಬಲ್ಲವನು ಇನ್ನೊಬ್ಬನಿಲ್ಲ ಎಂದು ದಪ್ಪಗಿದ್ದವರೆಲ್ಲ ಹೇಳುತ್ತಿದ್ದರು. ಸಣಕಲರಿಗೆ ಆ ಅನುಭವ ಇರಲಿಲ್ಲ.

ಕಾರಣ ಇಷ್ಟೆ. ಅಗಲವಾದ ಹಲಗೆ ಬೇಕೆಂದರೆ ಸಣ್ಣ ಹಲಗೆಗಳ ಅಂಚಿಗೆ ಬಿಸಿ ಸರೇಸಿನ ಅಂಟು ಬಳಿದು, ಒಂದರ ಪಕ್ಕ ಒಂದು ಜೋಡಿಸಿ, ಎರಡೂ ಬದಿಯಿಂದ ಬೆಣೆ ಹೊಡೆದು ಬಿಗಿಯಬೇಕು. ಬಿಗಿದರೆ ನಡು ಉಬ್ಬುತ್ತದೆ; ಅಂಟು ಕಚ್ಚುವ ತನಕ ಮೇಲೆ ಭಾರ ಬೇಕು. ತುಮಕೂರಿನ ಬಡಗಿಗಳು ಅದಕ್ಕೆ ಕಬ್ಬಿಣದ ಕ್ಲ್ಯಾಂಪು ಇಟ್ಟಿದ್ದರು. ಅಜ್ಮತುಲ್ಲಾನ ಹತ್ತಿರ ನೆಂಟರಿದ್ದರು. ಹಲಗೆಯ ಮೇಲೆ ಹಳೇ ಪೇಪರು, ಅದರ ಮೇಲೆ ಜಮಖಾನ ಹಾಸಿ, ತೂಕದ ಆಸಾಮಿ ಯಾರೇ ಬರಲಿ ಕೈಹಿಡಿದು ಕೂರಿಸಿ, ಟೀ ಮೇಲೆ ಟೀ ತರಿಸುತ್ತಿದ್ದ. ಕಡ್ಡಿ ಪೈಲ್ವಾನನಂತಿದ್ದ ಪೋಸ್ಟ್‌ಮ್ಯಾನ್ ವೆಂಕಟೇಶಯ್ಯ ಮಾತ್ರ ವರ್ಷಗಟ್ಟಲೆ ನಿಂತೇ ಕಾಗದ ಕೊಟ್ಟು ಹೋದರು.

ಎಪ್ಪತ್ತೆಂಟನೇ ಇಸವಿಯಲ್ಲಿ ಮಗಳು ಮೆಹತಾಬಳನ್ನು ನೋಡಲು ಕುಣಿಗಲ್‌ನಿಂದ ಗಂಡಿನವರು ಬರುವುದಾಯಿತು. ಹಿಂದೆ ಒಂದೆರಡು ಸಂಬಂಧ ತಪ್ಪಿಹೋಗಿತ್ತು. ಇದೂ ತಪ್ಪಿದರೆ ಏನು ಗತಿ ಎಂದು ಅಜ್ಮತುಲ್ಲಾನಿಗೆ ಚಿಂತೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಬೆಳಿಗ್ಗೆ ಎದ್ದವನೇ ಮಗಳ ಮದುವೆ ಮಂಚಕ್ಕೆಂದು ಹಲಗೆ ಜೋಡಿಸಿ ಬೆಣೆ ಹೊಡೆದ.

"ಇವತ್ತೊಂದಿನ ಅಂಟು ಮುಟ್ಟಬೇಡಿ ಅಂದಿದ್ನಲ್ರೀ!" ಎಂದು ಹೆಂಡತಿ ಖಮರುನ್ನೀಸಾ ಹಣೆ ಚಚ್ಚಿಕೊಂಡಳು.

"ಗಂಡಿನ ಸೋದರಮಾವ ಏಜಾಜ್ ಅಹಮದ್ ಮೂರಾಳಿನ ತೂಕ ಅಂತೆ ಕಣೇ. ಅಂಥ ಭಾರ ಮತ್ತೆ ಸಿಗ್ತದಾ?"

ಏಜಾಜ್ ಒಳಗೆ ಕಾಲಿಟ್ಟಿದ್ದೇ ತಡ, ಅಜ್ಮತುಲ್ಲಾ ಓಡಿಹೋಗಿ ಅವನನ್ನು ಹಲಗೆಯ ನಟ್ಟನಡುವೆ ಕೂರಿಸಿದ. ಉಬ್ಬಿದ್ದ ಹಲಗೆ ಕಿರುಗುಟ್ಟಿ ತಗ್ಗಿತು. ಅಜ್ಮತುಲ್ಲಾನಿಗೆ ಸಂತೋಷದಿಂದ ಕಣ್ಣು ತುಂಬಿಬಂತು. ಹಿಂದೆಯೇ ಬಂದ, ಉಫ್ ಎಂದರೆ ಹಾರಿಹೋಗುವಂಥ ಮುದುಕರೊಬ್ಬರು ಬಾಗಿಲಲ್ಲೇ ನಿಂತರು. ಅವರನ್ನು ಕೂರಿಸಬೇಕೆಂದು ಅವನಿಗೆ ತೋಚಲೇ ಇಲ್ಲ. ಅವರೇ ಗಂಡಿನ ತಂದೆ ದಸ್ತಗೀರ್ ಸಾಬರು.

ಟೀ ಬಂತು, ಬಿಸ್ಕತ್ತು ಬಂತು. ದಸ್ತಗೀರ್ ಸಾಬರು ನಿಂತೇ ಇದ್ದರು. ಕೊನೆಗೆ ಕಪ್ಪು ಕೆಳಗಿಟ್ಟು, "ಏಜಾಜ್, ಏಳು. ಗಂಡಿನ ತಂದೇನ ನಿಲ್ಲಿಸಿ ಮಾವನ್ನ ಕೂರಿಸೋ ಮನೆ ಹೆಣ್ಣು ನಮಗೆ ಬೇಡ," ಎಂದರು.

ಏಜಾಜ್ ಏಳಲು ಹೊರಟ. ಅಜ್ಮತುಲ್ಲಾ ಎರಡೂ ಕೈಯಿಂದ ಅವನ ಭುಜ ಒತ್ತಿ ಹಿಡಿದು, "ಏಳ್ಬೇಡಿ! ಅಂಟು ಬಿಟ್ಕೊಳ್ತದೆ!" ಎಂದು ಚೀರಿದ.

ಪರದೆಯ ಹಿಂದಿನಿಂದ ಮೆಹತಾಬ್ ಹೇಳಿಯೇಬಿಟ್ಟಳು: "ನಮ್ಮ ಅಬ್ಬಾ ಆ ಮಾಮಾನ ಕೂರಿಸಿದ್ದು ಮರ್ಯಾದೆಗಲ್ಲ. ಅವರನ್ನ ಕ್ಲ್ಯಾಂಪು ಮಾಡ್ಕೊಂಡವ್ರೆ. ಕೆಳಗಿರೋದು ನನ್ನ ಮಂಚದ ಹಲಗೆ. ಬಾಗಿಲ ಕಡೆ ಮೂಲೆ ಇನ್ನೂ ಎದ್ದದೆ, ನೀವು ಕೂತ್ರೆ ಕೂತ್ಕೊಳ್ತದೆ."

ದಸ್ತಗೀರ್ ಸಾಬರು ಜಮಖಾನ ಎತ್ತಿ ನೋಡಿದರು. ಆಮೇಲೆ ಭಾವಮೈದುನನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ನಿಕಾಹ್ ಆದಾಗಿಂದ ನೋಡ್ತಿದೀನಿ, ಎಲ್ಲಿ ಹೋದ್ರೂ ಮೊದಲು ಇವನಿಗೇ ಕುರ್ಚಿ. ಯಾಕೆ ಅಂತ ಈಗ ಗೊತ್ತಾಯ್ತು!" ಎಂದು ಬಂದು ಮೂಲೆಯಲ್ಲಿ ಕೂತರು. ಎದ್ದ ಮೂಲೆ ಒಂದಿಷ್ಟೂ ತಗ್ಗಲಿಲ್ಲ. ಅಂಟು ಆರುವ ತನಕ ಯಾರೂ ಏಳುವಂತಿರಲಿಲ್ಲವಾದ್ದರಿಂದ ಮದುವೆ ಮಾತು ಪೂರ್ತಿ ಮುಗಿಯಿತು.

ಮಂಚ ಕುಣಿಗಲ್‌ಗೆ ಹೋಯಿತು. ಎದ್ದಿದ್ದ ಮೂಲೆಯನ್ನು ಕೀಸಿ ಸರಿಮಾಡಲು ಮೆಹತಾಬ್ ಬಿಡಲಿಲ್ಲ, ಅದು ಮಾವನವರು ಕೂತ ಜಾಗವಂತೆ.

ಮದುವೆಯ ಮಾರನೇ ದಿನ ವೆಂಕಟೇಶಯ್ಯ ಕಾಗದ ತಂದರು. ಅಜ್ಮತುಲ್ಲಾ ಅವರ ಕೈಹಿಡಿದು ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದ. ಕೆಳಗೆ ಅಂಟು ಹಾಕಿದ ಹಲಗೆ ಇರಲಿಲ್ಲ, ಬರೀ ಬೆಂಚು.

ಆ ಮನೆಯಲ್ಲಿ ಹಿಂದೆಂದೂ ಕೂರದ ವೆಂಕಟೇಶಯ್ಯ ಟೀ ಕೆಳಗಿಟ್ಟರು. "ಯಾರು ತೀರ್ಕೊಂಡ್ಬಿಟ್ರು, ಸಾಬ್ರೆ?" ಎಂದು ಮೆಲ್ಲಗೆ ಕೇಳಿದರು.