ವ್ಯಾನಿನೊಳಗಿನ ಮಂಚ

ನಾನು ಸೊಲ್ಲಾಪುರದ ಬಡಗಿ. ನಾಗಣಸೂರಿನ ಕುರಿಗಾರ ದಂಪತಿ, ಮಂದೆಯ ಹಿಂದೆ ಅಲೆಯುವಾಗ ಮಲಗಲೆಂದು ಹಳೇ ವ್ಯಾನೊಂದನ್ನು ಕೊಂಡಿದ್ದರು. ಅವರ ಹೊಲದಲ್ಲೇ ನಿಲ್ಲಿಸಿ, ಗಂಡ ಹೇಳಿದಂತೆ ಅದರೊಳಗೆ ಮಂಚ, ಕಪಾಟು ಕೂಡಿಸಿದೆ.

ಹೆಂಡತಿ ಗಂಗವ್ವ ಬಂದು ಮಲಗಿ ನೋಡಿದಳು. "ನಂಗಿಲ್ಲಿ ನಿದ್ದಿ ಹತ್ತಂಗಿಲ್ರಿ. ಕಪಾಟ ಅಡ್ಡ ಬಂದೈತಿ, ಕುರಿ ಕಾಣಂಗಿಲ್ಲ."

ಕಪಾಟು ಕಿತ್ತರೆ ತುಕ್ಕು ಹಿಡಿದ ವ್ಯಾನಿನ ತಗಡೂ ಹರಿದು ಬರುತ್ತಿತ್ತು.

"ತೆಗೀಬೇಕೇನ್ರಿ?" ಎಂದೆ ಅಳುಕುತ್ತ.

"ಅದ್ಯಾಕ್ರಿ?" ಎಂದವಳೇ ದಿಂಬನ್ನು ಕಾಲ ಕಡೆಗೆ ಒಗೆದು, ತಿರುಗಿ ಮಲಗಿದಳು. ತೆರೆದ ಹಿಂಬಾಗಿಲಿನಾಚೆ ಇಡೀ ಮಂದೆ ಮೇಯುತ್ತಿತ್ತು. "ಹಾಂ, ಈಗ ಬರೋಬರ್ ಐತಿ!"

ನಾನು ನಿರಾಳವಾಗಿ ಹೊರಗೆ ಹೋಗಿ, ಬೀಡಿ ಸೇದಿ ಬರುವಷ್ಟರಲ್ಲಿ ಗಂಗವ್ವ ಗೊರಕೆ ಹೊಡೆಯುತ್ತಿದ್ದಳು. ನನ್ನ ಉಳಿ, ಗರಗಸಗಳೆಲ್ಲ ಮಂಚದಡಿಯೇ ಇದ್ದವು; ಎಳೆದರೆ ಸದ್ದಾಗುತ್ತಿತ್ತು. ಎಬ್ಬಿಸುವ ಧೈರ್ಯ ಅವಳ ಗಂಡನಿಗೂ ಬರಲಿಲ್ಲ.