ಒಲಿ ಹೊತ್ತಂಗ

ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಶರಣವ್ವ ಪ್ರತಿ ಬಾಟಲಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿಯೇ ಕೆಳಗಿಡುತ್ತಾರೆ. ಯಾದಗಿರಿ ಕಡೆಯವರು. ಪುಣೆಯಲ್ಲಿ ನಾನು ಕನ್ನಡ ಮಾತಾಡುವುದು ಅವರೊಬ್ಬರ ಜೊತೆಗೇ.

ಅಂದು ಮರಾಠಿ ಶಾಲೆಯ ಮಕ್ಕಳು ಲ್ಯಾಬ್ ನೋಡಲು ಬರುವವರಿದ್ದರು. ನನ್ನ ಕೆಲಸವನ್ನು ನಾನೇ ವಿವರಿಸಬೇಕಿತ್ತು. ಮರಾಠಿ ನನಗೆ ಬಾರದು; ನಾಲ್ಕು ಜನರೆದುರು ಇಂಗ್ಲಿಷೂ ಹೊರಡುವುದಿಲ್ಲ. ಬೆಳಿಗ್ಗೆ ಶರಣವ್ವನ ಮುಂದೆ ಅಭ್ಯಾಸ ಮಾಡಿದೆ: "ಸ್ನಾಯುವಿನ ಕೋಶಗಳು ಕೂಡಿ ಉದ್ದ ಎಳೆ ಆಗ್ತವೆ. ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾನ ಒಂದು ಪ್ರೋಟೀನ್ ಎಳೆಯ ತುದಿವರೆಗೂ ಹೊತ್ತೊಯ್ಯುತ್ತೆ. ಅದನ್ನ ತೆಗೆದ್ರೆ ಎಳೆ ಸರಿಯಾಗಿ ಬೆಳೆಯೋದೇ ಇಲ್ಲ."

"ಬುತ್ತಿ ಹೊತ್ತಂಗೇನ್ರಿ?" ಅಂದವರು ತಾವೇ ತಲೆ ಅಲ್ಲಾಡಿಸಿದರು. "ಅಲ್ಲ, ಒಲಿ ಹೊತ್ತಂಗ. ಹಡಪಸರದಾಗ ಕಂಪೌಂಡ್ ಗ್ವಾಡಿ ಕಟ್ಟೋಮುಂದ, ಕೆಲಸ ಮುಂದ ಹೋದಂಗ ಒಲಿನೂ ಹೊತ್ತು ಮುಂದ ಇಡತಿದ್ವಿ. ಹೊರಾಕಿ ಬರಲಿಲ್ಲಂದ್ರ ಒಲಿ ಎಲ್ಲಾ ಗೇಟಿನ ಹತ್ರನ. ಹಸದವ್ರು ಗ್ವಾಡಿ ಹ್ಯಾಂಗ ಕಟ್ಟಬೇಕ್ರಿ?"

ನಾನು ದಂಗಾದೆ. ನನ್ನ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ, ಆ ಪ್ರೋಟೀನ್ ಇಲ್ಲದ ಕೋಶಗಳಲ್ಲಿ, ಮೈಟೋಕಾಂಡ್ರಿಯಾ ತುದಿಗೆ ಹೋಗದೆ ನಡುವೆಯೇ ಗುಂಪುಗಟ್ಟಿ ಕೂತಿದ್ದು ಹೀಗೆಯೇ.

ಮಕ್ಕಳು ಬಂದರು. ನಾನು ಮೊದಲ ಚಿತ್ರ ತೆರೆದು, ಅದನ್ನೇ ದೊಡ್ಡದು ಚಿಕ್ಕದು ಮಾಡುತ್ತಾ ನಿಂತೆ. ಹಿಂದೆ ಬಾಟಲಿ ಹಿಡಿದು ನಿಂತಿದ್ದ ಶರಣವ್ವ ಸ್ವಲ್ಪ ಕಾದು ನೋಡಿ, ಮರಾಠಿಯಲ್ಲಿ ಒಲೆಯಿಂದಲೇ ಶುರು ಮಾಡಿದರು. ನಾನು ಚಿತ್ರ ತೋರಿಸುತ್ತಾ ಹೋದೆ. ಪ್ರಶ್ನೆಗಳೂ ಅವರಿಗೇ ಬಂದವು.

ಮಕ್ಕಳು ಹೋದ ಮೇಲೆ ಶರಣವ್ವ ನನ್ನ ಬಿಳಿ ಕೋಟಿನ ತೋಳನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಮುಂದಿನ ಸಲಕ್ಕ ನನಗೂ ಇಂಥಾದೊಂದು ಕೊಡಸ್ರಿ, ಅಕ್ಕಾರ."