ಹರಗೋಲಿನ ಆಯಿಯ ಚಿತ್ರಪುಸ್ತಕ

ಭೀಮಾ ದಂಡೆಯ ಆ ಊರಿನ ಶಾಲೆಯಲ್ಲಿ ನನಗದು ಎರಡನೇ ವರ್ಷ. ವಡಗೇರಾದ ಬಸ್ಸಿಳಿದು ಅರ್ಧ ಗಂಟೆ ನಡೆಯಬೇಕು. ಒಂದು ಮಧ್ಯಾಹ್ನ ನಾಲ್ಕನೇ ತರಗತಿಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದು ಚಿತ್ರಪುಸ್ತಕ ಓದಿದೆ. ಯಾವುದೋ ದೇಶದ ಕಡಲತೀರದ ಹುಡುಗಿಯೊಬ್ಬಳು ಬಿರುಗಾಳಿಯಲ್ಲಿ ದೋಣಿ ಹಾಕಿಕೊಂಡು ಹೋಗಿ, ಒಡೆದ ಹಡಗಿನವರನ್ನು ಉಳಿಸಿ ತಂದ ಕಥೆ. ಕೊನೆಯಲ್ಲಿ ಆಕೆಯ ನಿಜವಾದ ಭಾವಚಿತ್ರವನ್ನೂ ಹಾಕಿದ್ದರು.

"ಖರೇನ ಇದ್ಳೇನ್ರಿ ಟೀಚರ್, ಈಕಿ?" ಎಂದು ಒಬ್ಬ ಕೇಳಿದ.

"ಖರೇನ ಇದ್ಳು," ಎಂದೆ.

ಹಿಂದಿನ ಸಾಲಿನಲ್ಲಿ ಯಾವಾಗಲೂ ಸುಮ್ಮನೆ ಕೂರುವ ಹುಡುಗಿ ಎದ್ದು ನಿಂತಳು. "ಹಂಗಾದ್ರ ನಮ್ಮ ಆಯಿದು ಪುಸ್ತಕ ಯಾಕಿಲ್ರಿ?"

ಆಯಿ ಎಂದರೆ ಅಜ್ಜಿ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹುಡುಗಿಯ ಮುಖ ಬಾಡಿದ್ದು ಕಂಡು, ಸಂಜೆ ಅವಳ ಜೊತೆಗೇ ಅವಳ ಮನೆಗೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಕೇಳಿದ್ದಕ್ಕೆ, ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು.

"ಹೊಳಿ ತುಂಬಿ ಬಂದಿತ್ತು ಅಕ್ಕೋರ. ಆಚಿ ದಂಡ್ಯಾಗ ಬೇವಿನ ಗಿಡ ಏರಿ ಕೂಲಿ ಮಂದಿ ಒದರಾಕತ್ತಿದ್ರು. ನನ್ನ ಗಂಡಗ ಮೈತುಂಬ ಜ್ವರ. ಮನ್ಯಾಗ ಹರಗೋಲು ಇತ್ತು. ಒಯ್ದೆ."

ಹರಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ಆ ಪ್ರವಾಹದಲ್ಲಿ ಅವರು ಅದನ್ನು ಮೂರು ಸಲ ಒಯ್ದು, ಹನ್ನೊಂದು ಮಂದಿಯನ್ನು ಈಚೆ ತಂದಿದ್ದರು.

"ಹೆದರಿಕಿ ಆಗ್ಲಿಲ್ಲೇನು, ಆಯಿ?" ಎಂದು ಕೇಳಿದೆ.

"ಮೊದಲನೇ ಸಲ ನೀರಿನ ಸೆಳವು ಎಷ್ಟೈತಿ ಅಂತ ಗೊತ್ತಿರ್ಲಿಲ್ಲ," ಎಂದರು ಬಲೆಯಿಂದ ಕಣ್ಣೆತ್ತದೆ. "ಎರಡನೇ ಸಲ ಗೊತ್ತಿತ್ತು."

ಗೊತ್ತಿದ್ದೂ ಹೋದ ಆ ಎರಡನೇ ಸಲದ ಬಗ್ಗೆಯೇ ಯೋಚಿಸುತ್ತ ಬಸ್ಸಿನ ದಾರಿ ನಡೆದೆ.

ಮರುದಿನ ಮಕ್ಕಳಿಗೆ ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ಪುಸ್ತಕ ನಾವೇ ಮಾಡೋಣ ಎಂದು ಅವರೇ ಹಟ ಹಿಡಿದರು. ಮೊದಲ ಚಿತ್ರದಲ್ಲಿ ಆಯಿ ಕೆಂಪು ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ನಗುತ್ತ ನಿಂತಿದ್ದರು. ಅದನ್ನು ಒಯ್ದು ತೋರಿಸಿದಾಗ ಆಯಿ ತಲೆಯಾಡಿಸಿದರು.

"ಇಕಿ ಯಾರೋ ದೇವಿ ಇದ್ದಂಗ ಅದಾಳ. ನಾ ಅಳಕೋತ ಹೋಗಿದ್ನೆವ್ವಾ."

ಮಕ್ಕಳು ಚಿತ್ರವನ್ನು ಸುರುಳಿ ಸುತ್ತಿಕೊಂಡು ಹಿಂದಿರುಗಿದರು. ಎರಡು ದಿನ ಬಿಟ್ಟು ಮೊಮ್ಮಗಳು ಒಂದು ಹಾಳೆ ತಂದಳು. ಹಾಳೆಯ ತುಂಬ ಕಂದು ನೀರು. ದಂಡೆಯಿಲ್ಲ, ಆಕಾಶವಿಲ್ಲ. ನಡುವೆ ಜೋಳದ ಕಾಳಿನಷ್ಟು ಒಂದು ಹರಗೋಲು. ಅದರ ಕೆಳಗೆ "ಮೊದಲನೇ ಸಲ" ಎಂದು ಬರೆದಿದ್ದಳು. ಎರಡನೇ ಹಾಳೆಯಲ್ಲಿ ಅದೇ ನೀರು, ಅದೇ ಕಾಳು. ಆದರೆ ಬಣ್ಣದ ಕಡ್ಡಿಯನ್ನು ಎಷ್ಟು ಒತ್ತಿ ತಿಕ್ಕಿದ್ದಳೆಂದರೆ ಹಾಳೆ ಅಲ್ಲಲ್ಲಿ ಹರಿದಿತ್ತು. ಆಯಿಯ ಮಾತನ್ನು ನಾನು ಕೇಳಿಸಿಕೊಂಡಿದ್ದೆ, ಅಷ್ಟೆ. ಒಂಬತ್ತು ವರ್ಷದ ಈ ಹುಡುಗಿ ಅದನ್ನು ಕಂಡಿದ್ದಳು.

ಉಳಿದ ಮಕ್ಕಳು ಬೇವಿನ ಗಿಡ, ಅದನ್ನೇರಿ ಕೂತ ಕೂಲಿ ಮಂದಿ ಎಲ್ಲವನ್ನೂ ಬಿಡಿಸಿ ಪುಸ್ತಕ ಮುಗಿಸಿದರು. ಎಲ್ಲರಿಗೂ ಒಂದೊಂದು ಪ್ರತಿ ಬೇಕಾಗಿತ್ತು. ಬಣ್ಣದ ಝೆರಾಕ್ಸ್ ಮಾಡಿಸಲು ಶಹಾಪುರಕ್ಕೆ ಹೋದೆ. ಅಂಗಡಿಯ ಹೆಣ್ಣುಮಗಳು ಹಾಳೆಗಳನ್ನು ಒಂದೊಂದಾಗಿ ಇಡುತ್ತಿದ್ದವಳು ಬೇವಿನ ಗಿಡದ ಚಿತ್ರ ಬಂದಾಗ ನಿಂತಳು.

"ಇದು ಯಾವೂರ ಕಥಿರಿ?"

ಊರು ಹೇಳಿದೆ. ಅವಳು ಹಾಳೆಯನ್ನು ಹಾಗೇ ಕೈಯಲ್ಲಿ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನಮ್ಮವ್ವ, ಅಪ್ಪ ಸುರಪುರದ ಕಡಿಂದ ಅಲ್ಲಿ ಕೂಲಿಗಿ ಹೋಗಿದ್ರು. ಈ ಗಿಡದಾಗ ನಮ್ಮವ್ವ ಇದ್ಳರಿ. ನಾ ಆಕಿ ಹೊಟ್ಯಾಗಿದ್ದೆ."

ಮೂವತ್ತು ದಾಟಿದ ಹೆಂಗಸು, ಕುತ್ತಿಗೆಗೆ ಕನ್ನಡಕ ತೂಗುಹಾಕಿಕೊಂಡು ನನ್ನೆದುರು ಕೂತಿದ್ದಳು.

"ನೀರು ಇಳಿದಮ್ಯಾಲ ಹೊಳ್ಳಿ ಆ ಕಡಿ ಹೋಗೇ ಇಲ್ರಿ. ಯಾರೋ ಅಂಬಿಗರಾಕಿ ಬಂದ್ಳು ಅಂತಾಳ ನಮ್ಮವ್ವ. ಹೆಸರು ಸೈತ ಕೇಳಿಲ್ಲಂತ."

ಆ ಭಾನುವಾರವೇ ಅವಳು ತಾಯಿಯನ್ನು ಕರೆದುಕೊಂಡು ಬಂದಳು. ಸುದ್ದಿ ತಿಳಿದು ಮಕ್ಕಳೆಲ್ಲ ಆಯಿಯ ಕಟ್ಟೆಯ ಸುತ್ತ ಮುತ್ತಿದ್ದರು. ತಾಯಿ ಬಂದವರೇ ಆಯಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಯಿಗೆ ಗುರುತು ಸಿಗಲಿಲ್ಲ. ಬಹಳ ಹೊತ್ತು ಮುಖ ನೋಡಿ ಕೇಳಿದರು:

"ಗಿಡ ಬಿಟ್ಟು ಇಳಿಯಂಗಿಲ್ಲ ಅಂತ ನನ್ನ ಬೈದಾಕಿ ನೀ ಏನು?"

"ನಾನ ಯಕ್ಕಾ, ನಾನ!"

ಇಬ್ಬರೂ ನಕ್ಕರು, ನಗುತ್ತಲೇ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನು ಮುಂದೆ ತಂದು ನಿಲ್ಲಿಸಿ, "ಅವತ್ತ ಹೊಟ್ಯಾಗಿದ್ದಾಕಿ ಈಕಿನ," ಎಂದರು. ಆಯಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು, ಮತ್ತೆ ನೋಡಿದರು.

"ಎಷ್ಟೆತ್ತರ ಬೆಳೆದಾಳಲ್ಲವ್ವಾ!" ಎಂದರು ಆಯಿ.